ಸಂಪಾದಕರ ಉತ್ತರ: ಬ್ಯಾಡ್ಜಿನ ಕಾರ್ಡಿಗೆ ಯಾರ ಸಹಿ?

(ನ್ಯೂಜೆರ್ಸಿಯ ಓದುಗರೊಬ್ಬರ ಪತ್ರದ ಸಾರ: ಸ್ಕೌಟ್ ಆಗಿರುವ ಮಗ ಅಡುಗೆಯ ಕೌಶಲಕ್ಕೆ ಕೊಡುವ ‘ಕುಕಿಂಗ್’ ಮೆರಿಟ್ ಬ್ಯಾಡ್ಜಿಗಾಗಿ ಮನೆಯಲ್ಲಿ ಮಾಡಬೇಕಾದ ಅಡುಗೆಯನ್ನೆಲ್ಲ ತಮ್ಮ ಕಣ್ಣೆದುರೇ ಮಾಡಿ ಬಡಿಸಿದ್ದಾನೆ, ಆದರೂ ತಾವು ಹಾಕಿದ ಸಹಿ ಸಲ್ಲದೆಂದು ದಳದ ನಾಯಕರಾದ ಸ್ಕೌಟ್‌ಮಾಸ್ಟರ್ ಹೇಳಿದ್ದಾರೆ. ತಂದೆಯ ಮಾತಿಗೆ ಬೆಲೆಯಿಲ್ಲವೇ?)

ಮಾನ್ಯರೇ,

ಬೆಲೆಯಿದೆ, ಆದರೆ ಅದು ಸಾಕ್ಷಿಯ ಮಾತಿಗಿರುವ ಬೆಲೆ. 2025ರ ಫೆಬ್ರವರಿಯಿಂದ ‘ಸ್ಕೌಟಿಂಗ್ ಅಮೆರಿಕ’ ಎನಿಸಿಕೊಂಡಿರುವ ಬಾಯ್ ಸ್ಕೌಟ್ಸ್ ಆಫ್ ಅಮೆರಿಕದ ನಿಯಮದಂತೆ, ಬ್ಯಾಡ್ಜಿನ ಅಗತ್ಯಗಳು ಪೂರೈಸಿವೆಯೆಂದು ಒಪ್ಪುವ ಅಧಿಕಾರವಿರುವುದು ಆ ಬ್ಯಾಡ್ಜಿಗೆಂದೇ ನೋಂದಾಯಿತರಾದ ಮೆರಿಟ್ ಬ್ಯಾಡ್ಜ್ ಕೌನ್ಸೆಲರಿಗೆ. (ನಮ್ಮೂರ ನಗರಸಭೆಯ ಕೌನ್ಸಿಲರಿಗೂ ಇವರಿಗೂ ಸಂಬಂಧವಿಲ್ಲ.) ಇವರಿಗೆ 18 ವರ್ಷ ತುಂಬಿರಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಆಗಿರಬೇಕು, ಸ್ಥಳೀಯ ಕೌನ್ಸಿಲ್, ಅಂದರೆ ಆ ಪ್ರದೇಶದ ಸ್ಕೌಟ್ ಆಡಳಿತ ಘಟಕ, ಇವರನ್ನು ವಿಷಯವಾರು ಒಪ್ಪಿರಬೇಕು. ಈಜಿಗೆ ಒಪ್ಪಿಗೆ ಪಡೆದವರು ಅಡುಗೆಯ ಕಾರ್ಡಿಗೆ ಸಹಿ ಹಾಕುವಂತಿಲ್ಲ.

ಈ ಮಾತು ಸ್ಕೌಟ್‌ಮಾಸ್ಟರಿಗೂ ಅನ್ವಯಿಸುತ್ತದೆ. ‘ಬ್ಲೂ ಕಾರ್ಡ್’ ಎಂದು ಕರೆಯುವ ಅರ್ಜಿಯ ಮೇಲೆ ಅವರು ಆರಂಭದಲ್ಲಿ ಹಾಕುವ ಸಹಿಯ ಅರ್ಥ, ಆ ಬ್ಯಾಡ್ಜಿನ ಬಗ್ಗೆ ಹುಡುಗನೊಡನೆ ಮಾತಾಡಿದ್ದೇನೆ ಎಂಬುದಷ್ಟೇ. ಆದ್ದರಿಂದ ಅವರು ನಿಮ್ಮ ಸಹಿಗಿಂತ ತಮ್ಮ ಸಹಿ ದೊಡ್ಡದೆಂದು ಹೇಳಿದ್ದಲ್ಲ.

ಇನ್ನು ಅಡುಗೆಯ ವಿಷಯ. ಮನೆಯಡುಗೆಯ ಭಾಗದಲ್ಲಿ ಹುಡುಗನು ಮೂರು ದಿನಗಳ ಊಟದ ಯೋಜನೆ ಹಾಕಿ, ಅದನ್ನೂ ಸಾಮಾನಿನ ಪಟ್ಟಿಯನ್ನೂ ಕೌನ್ಸೆಲರೊಡನೆ ಚರ್ಚಿಸಿ, ಆಮೇಲೆ ಅದರಿಂದ ಒಂದು ಬೆಳಗಿನ ತಿಂಡಿ, ಒಂದು ಮಧ್ಯಾಹ್ನದ ಊಟ, ಒಂದು ರಾತ್ರಿಯೂಟ ಹಾಗೂ ಒಂದು ಸಿಹಿಯನ್ನು ತಾನೇ ಮಾಡಿ, ಕಡೇಪಕ್ಷ ಒಬ್ಬ ಹಿರಿಯರಿಗಾದರೂ ಬಡಿಸಬೇಕು. ಉಂಡವರು ರುಚಿಯ ಬಗ್ಗೆ ಅಭಿಪ್ರಾಯ ಹೇಳಬೇಕೆಂದು ನಿಯಮವೇ ಕೇಳುತ್ತದೆ. ನಿಮ್ಮ ಸ್ಥಾನ ಅಲ್ಲಿದೆ. ನಿಮ್ಮ ಪತ್ರದಲ್ಲಿ ನನಗೆ ಕಾಣದಿರುವುದು ಮೊದಲಿನ ಚರ್ಚೆ. ಅದು ನಡೆಯದೆ ಒಲೆ ಹಚ್ಚಿದ್ದರೆ, ಆ ಅಡುಗೆಯನ್ನು ಒಪ್ಪುವುದೋ ಮತ್ತೆ ಮಾಡಿಸುವುದೋ ಕೌನ್ಸೆಲರ ವಿವೇಚನೆಗೆ ಸೇರಿದ್ದು. ಮತ್ತೆ ಮಾಡಬೇಕಾಗಿ ಬಂದರೆ ಮಗನಿಗೆ ಬೇಸರವಾದೀತು, ನಿಮಗೆ ಇನ್ನೊಂದು ಊಟ ಸಿಕ್ಕೀತು.

ಹಾಗೆಂದು ಕೌನ್ಸೆಲರು ನಿರಂಕುಶರಲ್ಲ. ಬರೆದಿರುವ ಅಗತ್ಯಕ್ಕೆ ಏನನ್ನೂ ಕೂಡಿಸುವಂತಿಲ್ಲ, ಅದರಿಂದ ಏನನ್ನೂ ಕಳೆಯುವಂತಿಲ್ಲ. ‘ಮಾಡಿ ತೋರಿಸು’ ಎಂದಿರುವಲ್ಲಿ ಬಾಯಿಮಾತು ಸಾಲದು. ಒಂದು ರಾತ್ರಿಯೂಟ ಎಂದಿರುವಲ್ಲಿ ಎರಡನ್ನು ಕೇಳಲಾಗದು.

ನೀವೇ ಕೌನ್ಸೆಲರಾಗಿ ನೋಂದಾಯಿಸಿಕೊಂಡು ಕೌನ್ಸಿಲ್‌ನ ಒಪ್ಪಿಗೆ ಪಡೆದರೆ ಸ್ವಂತ ಮಗನ ಕಾರ್ಡಿಗೂ ಸಹಿ ಹಾಕಬಹುದು, ನಿಯಮ ತಡೆಯುವುದಿಲ್ಲ. ಆದರೂ ನನಗೆ ಅದು ಅಷ್ಟಾಗಿ ರುಚಿಸದು. ಪರಿಚಯವಿಲ್ಲದ ಹಿರಿಯರೊಬ್ಬರಿಗೆ ತಾನೇ ಫೋನ್ ಮಾಡಿ, ಸಮಯ ಕೇಳಿ, ಮಾಡಿದ್ದನ್ನು ಅವರೆದುರು ವಿವರಿಸುವುದು ಹದಿಮೂರು ಹದಿನಾಲ್ಕರ ಹುಡುಗನಿಗೆ ಸಾರು ಕುದಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ಈ ಪದ್ಧತಿಯಲ್ಲಿ ನಾನು ಮೆಚ್ಚುವುದು ಅದನ್ನೇ. ಆ ಭೇಟಿಗೆ ಅವನು ಒಂಟಿಯಾಗಿ ಹೋಗುವಂತಿಲ್ಲ ಎಂಬುದು ನೆನಪಿರಲಿ.

ನೀವು ಸಹಿ ಮಾಡಿದ ಹಾಳೆಯನ್ನು ಎಸೆಯಬೇಡಿ. ಊಟದ ಟಿಪ್ಪಣಿಗಳೊಂದಿಗೆ ಅದನ್ನೂ ಅವನು ಕೌನ್ಸೆಲರ ಮುಂದಿಡಲಿ. ಅರ್ಧ ಮುಗಿದ ಬ್ಯಾಡ್ಜಿಗೆ 18ನೆಯ ಹುಟ್ಟುಹಬ್ಬದವರೆಗೆ ಬೇರೆ ಗಡುವಿಲ್ಲ.

– ಸಂಪಾದಕ