ಉಬುಂಟು 18.04ರಲ್ಲಿ ಹೊಸ ಸ್ಕ್ರೈಬಸ್ ಕೂರುತ್ತಿಲ್ಲ, ‘ಡಿಪೆಂಡೆನ್ಸಿ’ ಇಲ್ಲವೆನ್ನುತ್ತದೆ: ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ತಿಳಿದುಕೊಂಡಿರುವುದು ಹೀಗೆ. ಮಂಡ್ಯದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಅಂಗಡಿ ನಿಮ್ಮದು. ನಿಮ್ಮ ತಂಗಿಯ ಮಗ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಬಗೆಯ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟು 18.04 ಹಾಕಿಕೊಟ್ಟು ಮೂರು ತಿಂಗಳಾಗಿದೆ. ಅದರಲ್ಲಿರುವ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ 1.4.6ರಲ್ಲಿ ಯೂನಿಕೋಡ್ ಕನ್ನಡ ಬರೆದರೆ ‘ಆಮಂತ್ರಣ’ ಎಂಬುದು ‘ಆಮಂತ್‌ರಣ’ ಎಂದು ಒಡೆದು ಬರುತ್ತದೆ. ಹೊಸ ಸ್ಕ್ರೈಬಸ್‌ನಲ್ಲಿ ಒತ್ತಕ್ಷರ ಸರಿಯಾಗಿ ಬರುತ್ತದೆಂದು ಕೇಳಿ, ಉಬುಂಟು 24.04ಕ್ಕಾಗಿ ಮಾಡಿದ ಡೆಬ್ ಫೈಲನ್ನು (ಉಬುಂಟುವಿನಲ್ಲಿ ತಂತ್ರಾಂಶ ಹಾಕುವ ಕಟ್ಟು, ಅಂದರೆ ಪ್ಯಾಕೇಜ್) ಇಳಿಸಿ ಹಾಕಲು ಹೋದಿರಿ. ಅದು ಕೇಳಿದ ಒಂದೊಂದು ‘ಡಿಪೆಂಡೆನ್ಸಿ’ಯನ್ನೂ, ಅಂದರೆ ಅದು ಓಡಲು ಬೇಕಾದ ಸಿದ್ಧ ಕೋಡಿನ ಲೈಬ್ರರಿಯನ್ನೂ ಹುಡುಕಿ ಒಂಬತ್ತು ಫೈಲುಗಳನ್ನು ಇಳಿಸಿದ ಮೇಲೂ ಕೆಲಸವಾಗಲಿಲ್ಲ. ಈಗ ಬೇರೆ ಯಾವ ತಂತ್ರಾಂಶ ಹಾಕಹೋದರೂ ಮೊದಲು ಮುರಿದದ್ದನ್ನು ಸರಿಪಡಿಸು ಎನ್ನುತ್ತಿದೆ.

ದಯವಿಟ್ಟು ಹತ್ತನೆಯ ಫೈಲನ್ನು ಇಳಿಸಬೇಡಿ. ನಾನು ಮೈಸೂರಿನ ಅಗ್ರಹಾರದಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿರುವವನು. ಲಿನಕ್ಸ್‌ಗೆ ಬಂದ ಹೊಸದರಲ್ಲಿ ನಾನೂ ಇದೇ ದಾರಿಯಲ್ಲಿ ಬಹಳ ದೂರ ಹೋಗಿದ್ದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ನೀವು ನಕಲು ಮಾಡಿ ಹಾಕಿರುವ ದೋಷದ ಸಂದೇಶದಲ್ಲಿ ಎರಡು ಸಾಲುಗಳನ್ನು ಮಾತ್ರ ನೋಡೋಣ. ಮೊದಲನೆಯದು, ಈ ಸ್ಕ್ರೈಬಸ್‌ಗೆ ‘ಲಿಬ್‌ಸಿ6’ನ ಆವೃತ್ತಿ 2.38 ಅಥವಾ ಅದಕ್ಕಿಂತ ಹೊಸದು ಬೇಕು, ನಿಮ್ಮಲ್ಲಿರುವುದು 2.27 ಎನ್ನುತ್ತದೆ. ಎರಡನೆಯದು, ‘ಲಿಬ್‌ಕ್ಯೂಟಿ5ಕೋರ್5ಟಿ64’ ಎಂಬ ಪ್ಯಾಕೇಜ್ ಬೇಕು, ಆದರೆ ಅದನ್ನು ಹಾಕಲು ಸಾಧ್ಯವಿಲ್ಲ ಎನ್ನುತ್ತದೆ. ಕೊನೆಯ ‘ಟಿ64’ ಗಮನಿಸಿ. ಕಾಲವನ್ನು 32 ಬಿಟ್‌ಗಳಲ್ಲಿ ಎಣಿಸುವ ವ್ಯವಸ್ಥೆಗಳಲ್ಲಿ 2038ನೆಯ ಇಸವಿಗೆ ಎಣಿಕೆ ಮುಗಿದುಹೋಗುತ್ತದೆ. ಅದನ್ನು ಸರಿಪಡಿಸುವಾಗ ಉಬುಂಟುವಿಗೆ ಆಧಾರವಾದ ಡೆಬಿಯನ್‌ನವರು ಮತ್ತು ಉಬುಂಟುವಿನವರು ಹಲವಾರು ಲೈಬ್ರರಿಗಳ ಪ್ಯಾಕೇಜ್ ಹೆಸರಿನ ಕೊನೆಗೆ ಈ ‘ಟಿ64’ ಸೇರಿಸಿದರು, ಉಬುಂಟುವಿನಲ್ಲಿ ಅದು 24.04ರಲ್ಲಿ ಬಂತು. 2018ರ ಏಪ್ರಿಲ್‌ನಲ್ಲಿ ಹೊರಬಂದ 18.04ರ ಭಂಡಾರದಲ್ಲಿ (ಆ ಬಿಡುಗಡೆಯ ತಂತ್ರಾಂಶಗಳ ಅಧಿಕೃತ ಸಂಗ್ರಹ) ಆ ಹೆಸರಿನ ಪ್ಯಾಕೇಜ್ ಇರುವುದಕ್ಕೆ ಸಾಧ್ಯವೇ ಇಲ್ಲ. ನೀವು ಎರಡು ದಿನ ಹುಡುಕಿಯೂ ಅದು ಸಿಗದೇ ಹೋದದ್ದು ನಿಮ್ಮ ತಪ್ಪಿನಿಂದಲ್ಲ.

ಇದರ ಹಿಂದಿನ ವ್ಯವಸ್ಥೆ ತಿಳಿದರೆ ಮುಂದಿನದು ಸುಲಭ. ವಿಂಡೋಸ್‌ನಲ್ಲಿ ಪ್ರತಿ ತಂತ್ರಾಂಶವೂ ತನಗೆ ಬೇಕಾದ ಬಹುಪಾಲು ಸಾಮಾನುಗಳನ್ನು ತಾನೇ ಹೊತ್ತು ತರುತ್ತದೆ. ಉಬುಂಟುವಿನಲ್ಲಿ ಎಲ್ಲ ತಂತ್ರಾಂಶಗಳೂ ಒಂದೇ ಉಗ್ರಾಣದ ಲೈಬ್ರರಿಗಳನ್ನು ಹಂಚಿಕೊಂಡು ಬಳಸುತ್ತವೆ, ಮತ್ತು ಒಂದು ಬಿಡುಗಡೆ ಹೊರಬಂದ ಮೇಲೆ ಆ ಉಗ್ರಾಣಕ್ಕೆ ಭದ್ರತೆಯ ತೇಪೆಗಳು, ಗಂಭೀರ ದೋಷಗಳ ತಿದ್ದುಪಡಿಗಳು ಬರುತ್ತವೆಯೇ ಹೊರತು ಹೊಸ ಆವೃತ್ತಿಗಳು ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ನೀವು ತಂತ್ರಾಂಶಗಳನ್ನು ನವೀಕರಿಸುವ ‘ಸುಡೋ ಆಪ್ಟ್ ಅಪ್‌ಗ್ರೇಡ್’ ಆಜ್ಞೆಯನ್ನು ಎಷ್ಟು ಸಲ ಕೊಟ್ಟರೂ ನಿಮ್ಮ ಸ್ಕ್ರೈಬಸ್ 1.4.6ರಲ್ಲೇ ನಿಂತಿರುತ್ತದೆ. 18.04ರ ಸಾಮಾನ್ಯ ಬೆಂಬಲವಂತೂ 2023ರ ಮೇ ತಿಂಗಳಿಗೇ ಮುಗಿದಿದೆ. ಉಬುಂಟು ಪ್ರೋ ಎಂಬ ಹೆಚ್ಚುವರಿ ಬೆಂಬಲದ ಸೇವೆಗೆ ಸೇರಿದರೆ ಇನ್ನೂ ಕೆಲವು ವರ್ಷ ಭದ್ರತೆಯ ತೇಪೆ ಸಿಗುತ್ತದೆ, ಆದರೆ ಅದರಿಂದಲೂ ಹೊಸ ಸ್ಕ್ರೈಬಸ್ ಸಿಗದು.

ಲಿಬ್‌ಸಿ6 ಎಂಬುದು ಆ ಉಗ್ರಾಣದ ಅಡಿಗಲ್ಲು. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ನಿಂದ ಹಿಡಿದು ಪಾಸ್‌ವರ್ಡ್ ಕೇಳುವ ‘ಸುಡೋ’ವರೆಗೆ ಎಲ್ಲವೂ ಅದರ ಮೇಲೆ ನಿಂತಿವೆ. ನಾನು ಮೊದಲ ವರ್ಷ ಮಾಡಿದ ತಪ್ಪೆಂದರೆ, ಸ್ನೇಹಿತರೊಬ್ಬರ ಹೊಸ ಕಂಪ್ಯೂಟರಿನಿಂದ ಆ ಲೈಬ್ರರಿಯ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಳೆಯದರ ಮೇಲೆ ಬರೆದದ್ದು. ಎಂಟರ್ ಒತ್ತಿದ ಮರುಕ್ಷಣ ‘ಎಲ್‌ಎಸ್’ ಓಡಲಿಲ್ಲ. ಹಳೆಯ ಫೈಲನ್ನು ಹಿಂದಕ್ಕೆ ತರೋಣವೆಂದರೆ ನಕಲು ಮಾಡುವ ‘ಸಿಪಿ’ಯೂ ಓಡಲಿಲ್ಲ. ಶ್ರಾವಣದ ಮೊದಲ ವಾರ, ಮರುದಿನ ಬೆಳಿಗ್ಗೆ ಕೊಡಬೇಕಾದ ಮುನ್ನೂರು ಪತ್ರಿಕೆಗಳ ವಿನ್ಯಾಸ ಆ ಡಿಸ್ಕಿನಲ್ಲೇ ಇತ್ತು. ಡಿಸ್ಕಿಗೆ ಹಾಕದೆಯೇ ಓಡುವ ‘ಲೈವ್’ ಉಬುಂಟುವನ್ನು ಪೆನ್‌ಡ್ರೈವ್‌ನಿಂದ ಹಚ್ಚಿ ಫೈಲುಗಳನ್ನು ಹೊರತೆಗೆಯುವಷ್ಟರಲ್ಲಿ ರಾತ್ರಿ ಎರಡು ಗಂಟೆಯಾಗಿತ್ತು. ಅಂತರ್ಜಾಲದಲ್ಲಿ ಯಾರಾದರೂ ‘ಫೋರ್ಸ್’ ಎಂಬ ಪದ ಸೇರಿಸಿ ಲಿಬ್‌ಸಿ6 ಹಾಕಿ ಎಂದು ಸಲಹೆ ಕೊಟ್ಟಿದ್ದರೆ ಅದನ್ನು ಖಂಡಿತ ಅನುಸರಿಸಬೇಡಿ.

ಈಗ ನಿಮ್ಮ ಯಂತ್ರ ಯಾವ ಸ್ಥಿತಿಯಲ್ಲಿದೆ ಎಂದು ನೋಡಲು ‘ಎಲ್‌ಡಿಡಿ --ವರ್ಷನ್’ ಎಂದು ಕೊಡಿ. ಮೊದಲ ಸಾಲಿನಲ್ಲಿ 2.27 ಎಂದು ಬಂದರೆ ಅಡಿಗಲ್ಲು ಅಲುಗಿಲ್ಲ, ನೆಮ್ಮದಿಯಾಗಿರಿ. ಆಮೇಲೆ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಡಿ. ಅದು ಏನೇನು ತೆಗೆಯುತ್ತೇನೆಂದು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಹೊಸಬರು ಇಲ್ಲಿ ಓದದೆ ‘ವೈ’ ಒತ್ತಿಬಿಡುತ್ತಾರೆ, ನೀವು ಹಾಗೆ ಮಾಡಬಾರದು. ಪಟ್ಟಿಯಲ್ಲಿ ಸ್ಕ್ರೈಬಸ್ ಮತ್ತು ನೀವು ಇಳಿಸಿದ ಲೈಬ್ರರಿಗಳು ಮಾತ್ರ ಇದ್ದರೆ ಒಪ್ಪಿಕೊಳ್ಳಿ. ‘ಉಬುಂಟು-ಡೆಸ್ಕ್‌ಟಾಪ್’ ಅಥವಾ ನಿಮಗೆ ಪರಿಚಯವಿಲ್ಲದ ಹತ್ತಾರು ಹೆಸರುಗಳು ಕಂಡರೆ ‘ಎನ್’ ಒತ್ತಿ, ಆ ಪಟ್ಟಿಯನ್ನು ಇಲ್ಲಿ ಹಾಕಿ. ಸ್ಕ್ರೈಬಸ್ ಹೋದ ಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಸ್ಕ್ರೈಬಸ್’ ಎಂದರೆ ಹಳೆಯ 1.4.6 ಮರಳಿ ಬರುತ್ತದೆ. ನೀವು ಉಳಿಸಿಟ್ಟಿರುವ ವಿನ್ಯಾಸಗಳಿಗೆ ಇದರಿಂದ ಏನೂ ಆಗುವುದಿಲ್ಲ.

ಈ ವಾರದ ಆರ್ಡರುಗಳಿಗೆ ತಾತ್ಕಾಲಿಕ ದಾರಿಯೊಂದಿದೆ. ಸ್ಕ್ರೈಬಸ್‌ನವರು ಆ್ಯಪ್‌ಇಮೇಜ್ ರೂಪದಲ್ಲಿಯೂ ತಂತ್ರಾಂಶವನ್ನು ಕೊಡುತ್ತಾರೆ. ಅದು ತನ್ನ ಬಹುತೇಕ ಲೈಬ್ರರಿಗಳನ್ನು ತನ್ನೊಳಗೇ ಇಟ್ಟುಕೊಂಡಿರುವ ಒಂದೇ ಫೈಲು; ವ್ಯವಸ್ಥೆಯಲ್ಲಿ ಏನನ್ನೂ ಬದಲಿಸುವುದಿಲ್ಲ, ಬೇಡವಾದರೆ ಅಳಿಸಿದರೆ ಮುಗಿಯಿತು. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅದನ್ನು ಪ್ರೋಗ್ರಾಂ ಆಗಿ ಓಡಿಸಲು ಅನುಮತಿ ಕೊಟ್ಟು ತೆರೆಯಿರಿ. ಆದರೆ ಆ್ಯಪ್‌ಇಮೇಜ್ ಕೂಡ ಲಿಬ್‌ಸಿಯನ್ನು ಸಾಮಾನ್ಯವಾಗಿ ನಿಮ್ಮ ಯಂತ್ರದಿಂದಲೇ ಪಡೆಯುತ್ತದೆ, ಹಾಗಾಗಿ ತೀರಾ ಹೊಸದು ಅಲ್ಲಿಯೂ ಅದೇ ತಕರಾರು ಎತ್ತಬಹುದು. ಹಾಗಾದರೆ 1.5 ಸರಣಿಯ ಹಳೆಯದೊಂದನ್ನು ಪ್ರಯತ್ನಿಸಿ. ಭಾರತೀಯ ಲಿಪಿಗಳ ಒತ್ತಕ್ಷರ ಜೋಡಣೆ 2017ರ 1.5.3ರಿಂದಲೇ ಬಂದಿರುವುದರಿಂದ ನಿಮ್ಮ ಕೆಲಸಕ್ಕೆ ಅದು ಸಾಕು. ಒಂದು ಎಚ್ಚರಿಕೆ: 1.5ರಲ್ಲಿ ಉಳಿಸಿದ ಫೈಲು ಮತ್ತೆ 1.4ರಲ್ಲಿ ತೆರೆಯುವುದಿಲ್ಲ. ಹಳೆಯ ವಿನ್ಯಾಸವನ್ನು ತೆರೆದ ಕೂಡಲೇ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ನಿಜವಾದ ಪರಿಹಾರ ಇಡೀ ವ್ಯವಸ್ಥೆಯನ್ನೇ 24.04ಕ್ಕೆ ತರುವುದು. ಅಲ್ಲಿನ ಭಂಡಾರದಲ್ಲಿ ಸ್ಕ್ರೈಬಸ್ 1.6 ಸರಣಿಯೇ ಇದೆ, ಅದಕ್ಕೆ ಬೇಕಾದ ಎಲ್ಲವೂ ಒಟ್ಟಿಗೆ ಹೊಂದಿಕೊಂಡು ಬರುತ್ತವೆ, ಯಾವ ಡೆಬ್ ಫೈಲನ್ನೂ ಹುಡುಕಬೇಕಾಗಿಲ್ಲ. ಮೇಲ್ದರ್ಜೆಗೆ ಏರಿಸುತ್ತಾ ಹೋಗುವುದಾದರೆ 18.04ರಿಂದ 20.04, ಅಲ್ಲಿಂದ 22.04, ಅಲ್ಲಿಂದ 24.04 ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಹೊರಗಿನ ಫೈಲುಗಳು ಬೆರೆತಿರುವ ನಿಮ್ಮ ಯಂತ್ರದಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಎಡವುವ ಸಾಧ್ಯತೆ ಇರುವುದರಿಂದ, ಹೊಸದಾಗಿ ಹಾಕಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಯಂತ್ರದಲ್ಲಿ 4 ಜಿಬಿ ಮೆಮೊರಿ ಮಾತ್ರ ಇದೆ ಎಂದಿದ್ದೀರಿ. ಹಾಗಿದ್ದರೆ ಉಬುಂಟುವಿನ ಹಗುರವಾದ ರೂಪ ಲುಬುಂಟು 24.04 ಹಾಕಿಸಿ.

ಇದಕ್ಕೆ ಆಷಾಢವನ್ನು ಕಾಯುವುದು ಒಳ್ಳೆಯದು. ಲಗ್ನಪತ್ರಿಕೆಯ ಕೆಲಸವಿಲ್ಲದ ಆ ತಿಂಗಳಲ್ಲಿ ಯಂತ್ರ ಎರಡು ದಿನ ನಿಂತರೂ ಗಿರಾಕಿಗಳಿಗೆ ತೊಂದರೆಯಾಗುವುದಿಲ್ಲ. ಅದಕ್ಕೆ ಮೊದಲು ವಿನ್ಯಾಸದ ಫೈಲುಗಳನ್ನೂ ದೇವರ ಚಿತ್ರ, ಅಂಚಿನ ಬಳ್ಳಿಗಳಂಥ ಚಿತ್ರಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಫಾಂಟ್‌ಗಳನ್ನು ಮರೆಯಬೇಡಿ: ಹೋಂ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಅಡಗಿರುವ ಫೋಲ್ಡರುಗಳು ಕಾಣುತ್ತವೆ, ಅವುಗಳಲ್ಲಿ ‘.ಫಾಂಟ್ಸ್’ ಎಂಬುದು ಇದ್ದರೆ ಅದನ್ನು, ಜೊತೆಗೆ ‘.ಲೋಕಲ್’ ಒಳಗಿನ ‘ಶೇರ್’ನಲ್ಲಿರುವ ಫಾಂಟ್ಸ್ ಫೋಲ್ಡರನ್ನು ತೆಗೆದಿಟ್ಟುಕೊಳ್ಳಿ. ನಿಮ್ಮ ಹಳೆಯ ಪತ್ರಿಕೆಗಳು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿದ್ದರೆ ಆ ಫಾಂಟ್ ಇಲ್ಲದೆ ಅವು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ.

ಹೊಸ ವ್ಯವಸ್ಥೆ ಬಂದ ಮೇಲೆ ಯಾವುದೇ ತಂತ್ರಾಂಶ ಹಾಕುವ ಮುನ್ನ ‘ಆಪ್ಟ್-ಕ್ಯಾಶ್ ಪಾಲಿಸಿ’ ಎಂದು ಬರೆದು ಮುಂದೆ ಅದರ ಹೆಸರು ಕೊಡಿ. ಯಂತ್ರದಲ್ಲಿ ಯಾವ ಆವೃತ್ತಿ ಇದೆ, ಭಂಡಾರದಿಂದ ಯಾವುದು ಬರಲಿದೆ ಎಂದು ಎರಡು ಸಾಲುಗಳಲ್ಲಿ ತೋರಿಸುತ್ತದೆ. ನಿಮಗೆ ಬೇಕಾದ ಆವೃತ್ತಿ ಅಲ್ಲಿಲ್ಲದಿದ್ದರೆ ಡೆಬ್ ಹುಡುಕುವ ಬದಲು ಆ್ಯಪ್‌ಇಮೇಜ್ ಇದೆಯೇ ಎಂದು ನೋಡಿ. ಸ್ಕ್ರೈಬಸ್ ತೆರೆದು ಯೂನಿಕೋಡ್ ಫಾಂಟ್‌ನಲ್ಲಿ ‘ಲಕ್ಷ್ಮೀ’ ಎಂದು ಬರೆದು ನೋಡಿ, ಎರಡು ಒತ್ತುಗಳೂ ‘ಕ’ಕಾರದ ಕೆಳಗೆ ಕೂಡಿಕೊಂಡು ಬರಬೇಕು. ಬಾರದಿದ್ದರೆ ಫಾಂಟ್‌ನ ಹೆಸರನ್ನೂ ಸ್ಕ್ರೈಬಸ್‌ನ ಆವೃತ್ತಿಯನ್ನೂ ಇಲ್ಲಿ ಬರೆಯಿರಿ, ನನ್ನ ಯಂತ್ರದಲ್ಲಿ ಹಾಕಿ ನೋಡಿ ತಿಳಿಸುತ್ತೇನೆ.