ಪ್ರತಿಕ್ರಿಯೆ: ಕೂಟದಲ್ಲಿ ಬಾಯಿಬಿಟ್ಟು ಪ್ರಾರ್ಥಿಸಲು ಹೆದರಿಕೆ

ಪ್ರಾರ್ಥನಾ ಕೂಟದಲ್ಲಿ ಸರದಿ ಬಂದಾಗ ನಾಲಿಗೆ ಕಟ್ಟಿಹೋಗುತ್ತದೆ, ತಪ್ಪಿದರೆ ನಗುತ್ತಾರೇನೋ, ನನ್ನ ವಿಶ್ವಾಸವೇ ಕಮ್ಮಿಯೇ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಯೇಸುವಿನ ಶಿಷ್ಯ, ಪೇತ್ರನಂಥ ಪೇತ್ರನೇ ಅಂತಿಯೋಕ್ಯ ಪಟ್ಟಣದಲ್ಲಿ ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರಿಗೆ ಅಂಜಿ, ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ (ಗಲಾತ್ಯ 2:11-14). ಅದೂ ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮನನ್ನು ಪಡೆದು, ಜನರ ಮುಂದೆ ಧೈರ್ಯವಾಗಿ ಸಾರಿದ ಮೇಲೆ!

ಭಯ ಹೋಗಲಿ, ಆಮೇಲೆ ಪ್ರಾರ್ಥಿಸುತ್ತೇನೆ ಎಂದು ಕಾಯುವುದೇ ಬಹಳ ಜನ ಎಡವುವ ಜಾಗ. ಕೀರ್ತನೆ 56:3 ಹೇಳುವುದು ಹೆದರಿಕೆಯಾದಾಗಲೇ ಇಡುವ ಭರವಸೆಯ ಬಗ್ಗೆ.

ಒಂದು ವಾರ ದಿನಾ ಐದು ನಿಮಿಷ, ಬಾಗಿಲು ಹಾಕಿಕೊಂಡು ದನಿ ತೆಗೆದೇ ಪ್ರಾರ್ಥಿಸಿ. ಮನಸ್ಸಿನಲ್ಲೇ ಮಾಡಿದರೆ ನಾಲಿಗೆಗೆ ರೂಢಿಯಾಗದು. ಯಾರು ನಗುತ್ತಾರೆಂದು ಭಯವೋ, ಅವರ ಹೆಸರು ಹಿಡಿದೇ ದೇವರಿಗೆ ಹೇಳಿಕೊಳ್ಳಿ. ಕೂಟದಲ್ಲಿ ಮೊದಲಿಗೆ ಎರಡೇ ವಾಕ್ಯ ಸಾಕು: ಒಂದು ಸ್ತೋತ್ರ, ಒಂದು ಬಿನ್ನಹ, ಆಮೆನ್. ಅದೂ ಕಷ್ಟವಾದರೆ ಕೀರ್ತನೆ 23ರ ಒಂದು ವಚನ ಓದಿ. ಪಕ್ಕದವರ ಉದ್ದುದ್ದ ಶೈಲಿಯನ್ನು ಅನುಕರಿಸಹೋದರೆ ಮಾತು ತೊಡರುತ್ತದೆ. ಉದ್ದಕ್ಕೇನೂ ಹೆಚ್ಚು ಅಂಕವಿಲ್ಲ (ಮತ್ತಾಯ 6:7).

ಮೈ ನಡುಗಿ ಉಸಿರು ಕಟ್ಟುವಷ್ಟಾದರೆ ವೈದ್ಯರನ್ನೂ ಕಾಣಿ, ಅದು ಅವಿಶ್ವಾಸವಲ್ಲ.

ಮುಗಿದ ಮೇಲೆ 'ಹೇಗಿತ್ತು?' ಎಂದು ಮಾತ್ರ ಯಾರನ್ನೂ ಕೇಳಬೇಡಿ. ಚೆನ್ನಾಗಿತ್ತು ಅಂದರೆ, ಮುಂದಿನ ವಾರ ಆ ಹೊಗಳಿಕೆ ಉಳಿಸಿಕೊಳ್ಳುವ ಭಯ ಶುರು.