ಆಡಿ ನೋಡದೆ ಕೊಳ್ಳಬೇಕೇ?

ಓದುಗರ ಪತ್ರ: "ಟ್ರೇಲರ್ ನೋಡಿ, ನಾಲ್ಕಾರು ವಿಮರ್ಶೆ ಓದಿ, ಬಹಳ ಆಸೆಯಿಂದ ಒಂದು ಗೇಮ್ ಕೊಂಡೆ. ಚಿತ್ರ, ಕಥೆ, ಸಂಗೀತ ಎಲ್ಲ ಚೆನ್ನಾಗಿದೆ. ಆದರೆ ಕ್ಯಾಮೆರಾ ಓಲಾಡುವ ರೀತಿಗೆ ಅರ್ಧ ಗಂಟೆಯಲ್ಲೇ ತಲೆ ಸುತ್ತಿ ಹೊಟ್ಟೆ ತೊಳಸಿತು. ಸೆಟ್ಟಿಂಗ್ಸ್ ಬದಲಿಸಿದೆ, ಬಿಟ್ಟು ಬಿಟ್ಟು ಆಡಿದೆ. ಇನ್ನು ಆಗದು ಎಂದು ಹಣ ವಾಪಸ್ ಕೇಳಿದರೆ ಅವಧಿ ಮೀರಿದೆ ಎಂಬ ಉತ್ತರ ಬಂತು. ಕೊಳ್ಳುವ ಮೊದಲು ಸ್ವಲ್ಪ ಹೊತ್ತು ಬಿಟ್ಟಿಯಾಗಿ ಆಡಲು ಬಿಟ್ಟರೆ ಕಂಪನಿಗಳ ಗಂಟೇನು ಹೋಗುತ್ತದೆ? 'ಮೊದಲು ಪೈರೇಟೆಡ್ ಕಾಪಿ ಹಾಕಿ ನೋಡು, ಹಿಡಿಸಿದರೆ ಕೊಂಡುಕೋ' ಎನ್ನುತ್ತಾರೆ ಸ್ನೇಹಿತರು. ಇಲ್ಲವೇ ಪ್ರತಿ ಗೇಮನ್ನೂ ಕೊಂಡು, ಆಡಿ, ಹಿಂದಿರುಗಿಸುತ್ತ ಹೋದರೆ ತಪ್ಪೇ? ನಿಮ್ಮಂಥ ಪತ್ರಿಕೆಯವರು ಈ ಬಗ್ಗೆ ಯಾಕೆ ಗಟ್ಟಿಯಾಗಿ ಮಾತಾಡುವುದಿಲ್ಲ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗಟ್ಟಿಯಾಗಿಯೇ ಹೇಳುತ್ತೇನೆ: ದುಡ್ಡು ಕೊಟ್ಟು ಕೊಳ್ಳಬೇಕಾದ ಪ್ರತಿ ಗೇಮಿನ ಆರಂಭದ ಭಾಗವೂ, ಕಾರ್ಡ್ ನಂಬರ್ ಕೇಳದೆ, ಎಲ್ಲರಿಗೂ ಆಡಲು ಸಿಗಬೇಕು. ರೀಫಂಡ್ ಇದೆಯಲ್ಲ ಎಂಬ ಸಮಾಧಾನ ಇದಕ್ಕೆ ಬದಲಿಯಾಗದು. ನಿಮ್ಮ ಪತ್ರವೇ ಅದಕ್ಕೆ ಸಾಕ್ಷಿ.

ಟ್ರೇಲರ್ ಎಂದರೆ ಕಂಪನಿಯವರು ಆಯ್ದು ಜೋಡಿಸಿದ ಕ್ಷಣಗಳು. ವಿಮರ್ಶೆ ಅದಕ್ಕಿಂತ ಮೇಲು; ಕಥೆಯ ಗುಣ, ಗೇಮಿನ ಉದ್ದ, ಸಿಕ್ಕ ದೋಷಗಳು ಅದರಲ್ಲಿರುತ್ತವೆ. ಆದರೆ ಬಟನ್ ಒತ್ತಿದ ಮೇಲೆ ಪಾತ್ರ ಜಿಗಿಯುವುದಕ್ಕೆ ಹಿಡಿಯುವ ಆ ಒಂದಿಷ್ಟು ಸಮಯ ನಿಮಗೆ ಒಗ್ಗುತ್ತದೆಯೇ, ಪರದೆಯ ಮೇಲಿನ ಅಕ್ಷರ ನೀವು ಕೂರುವ ದೂರಕ್ಕೆ ಕಾಣುತ್ತದೆಯೇ, ನಿಮ್ಮ ಕಂಪ್ಯೂಟರ್ ಅದನ್ನು ತಡವರಿಸದೆ ಓಡಿಸುತ್ತದೆಯೇ ಎಂಬುದನ್ನು ಯಾವ ವಿಮರ್ಶಕರೂ ಹೇಳಲಾರರು. ತಲೆಸುತ್ತಂತೂ ತೀರಾ ವೈಯಕ್ತಿಕ. ಕಣ್ಣು 'ಓಡುತ್ತಿದ್ದೇವೆ' ಎನ್ನುತ್ತದೆ, ಒಳಕಿವಿ 'ಕೂತಲ್ಲೇ ಇದ್ದೇವೆ' ಎನ್ನುತ್ತದೆ. ಈ ಜಗಳ ಒಬ್ಬರಿಗೆ ಗೊತ್ತೇ ಆಗುವುದಿಲ್ಲ, ಇನ್ನೊಬ್ಬರಿಗೆ ವಾಂತಿ ತರಿಸುತ್ತದೆ. ವರ್ಷಗಟ್ಟಲೆ ಇಂಥ ಗೇಮುಗಳನ್ನೇ ಆಡಿ ಪಳಗಿದ ವಿಮರ್ಶಕರಿಗೆ ಕ್ಯಾಮೆರಾ ಓಲಾಡಿದ್ದು ನೆನಪಿನಲ್ಲೂ ಉಳಿದಿರುವುದಿಲ್ಲ. ಹಾಗಾಗಿ ವಿಮರ್ಶೆ ಓದಿಯೂ ಮೋಸಹೋದೆ ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಇಡೀ ಜಗತ್ತೇ ಹೀಗೆ ಕಣ್ಣುಮುಚ್ಚಿ ಕೊಂಡ ಉದಾಹರಣೆಯೂ ಇದೆ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ವಿಮರ್ಶಕರ ಕೈಗೆ ಮುಂಚಿತವಾಗಿ ಸಿಕ್ಕಿದ್ದು ಪಿಸಿ ಆವೃತ್ತಿ. ಹೊಗಳಿಕೆ ಅದರ ಮೇಲೆ ಬಂತು. ಟಿವಿಗೆ ಜೋಡಿಸಿ ಆಡುವ ಹಳೆಯ ಕನ್ಸೋಲ್‌ಗಳಾದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಕೊಂಡವರಿಗೆ ಸಿಕ್ಕಿದ್ದು ಮುಗ್ಗರಿಸುವ, ಮತ್ತೆ ಮತ್ತೆ ನಿಂತುಹೋಗುವ ಗೇಮ್. ಬಿಡುಗಡೆಯಾಗಿ ಹೆಚ್ಚುಕಡಿಮೆ ಒಂದು ವಾರದಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದು ಹಣ ವಾಪಸ್ ಕೊಡಲು ಮುಂದಾಯಿತು. ಅದು ಅಲ್ಲಿಗೆ ಮರಳಿದ್ದು ಮರುವರ್ಷ ಜೂನ್‌ನಲ್ಲಿ. ಆ ಕನ್ಸೋಲ್‌ಗಳಲ್ಲಿ ಒಂದೇ ಒಂದು ಗಂಟೆ ಬಿಟ್ಟಿಯಾಗಿ ಆಡಲು ಬಿಟ್ಟಿದ್ದರೆ ಮೊದಲ ದಿನವೇ ಎಲ್ಲರಿಗೂ ನಿಜ ತಿಳಿಯುತ್ತಿತ್ತು.

ನೀವು ಕೇಳುತ್ತಿರುವುದು ಹೊಸ ಸವಲತ್ತೇನಲ್ಲ. ಗೇಮ್ ಉದ್ಯಮದ ಒಂದು ಭಾಗ ಬೆಳೆದದ್ದೇ ಅದರ ಮೇಲೆ. 1987ರಲ್ಲಿ ಅಪೊಜಿ ಕಂಪನಿಯ ಸ್ಕಾಟ್ ಮಿಲ್ಲರ್ ತಮ್ಮ ಕ್ರೋಜ್ ಎಂಬ ಗೇಮನ್ನು ಕಂತುಗಳಾಗಿ ಒಡೆದು ಮೊದಲ ಕಂತನ್ನು ಬಿಟ್ಟಿಯಾಗಿ ಹಂಚಿದರು, ಉಳಿದವನ್ನು ಮಾರಿದರು. ಹೀಗೆ ಮೊದಲು ಬಿಟ್ಟಿ ಹಂಚಿ ಆಮೇಲೆ ಹಣ ಕೇಳುವ ಪದ್ಧತಿಗೆ ಶೇರ್‌ವೇರ್ ಎಂಬ ಹೆಸರು ಮೊದಲೇ ಇತ್ತು. ಕಂತಿನ ಉಪಾಯ ಅವರದು. ಅದೇ ದಾರಿಯಲ್ಲಿ 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್‌ನ ಡೂಮ್ ಬಂತು. ಮೂರು ಕಂತುಗಳಲ್ಲಿ ಮೊದಲನೆಯದು ಪೂರ್ತಿ ಉಚಿತ: ಒಂದು ಗುಪ್ತ ಹಂತವೂ ಸೇರಿ 9 ಹಂತಗಳು. ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಅಂಗಡಿಯವರು ಅದನ್ನು ಡಿಸ್ಕಿಗೆ ಹಾಕಿ ಮಾರಿ ಆ ದುಡ್ಡನ್ನು ತಾವೇ ಇಟ್ಟುಕೊಂಡರೂ ಕಂಪನಿಯ ಆಕ್ಷೇಪವಿರಲಿಲ್ಲ.

ಆ ಕಂತು ಮುಗಿಯುವ ಬಗೆಯನ್ನು ಗಮನಿಸಬೇಕು. ಕೊನೆಯ ಹಂತದಲ್ಲಿ ಎರಡು ದೈತ್ಯರನ್ನು ಕೊಂದ ಮೇಲೆ ಗೋಡೆ ಕುಸಿದು ದಾರಿ ತೆರೆಯುತ್ತದೆ. ಗೆದ್ದೆವು ಎಂದುಕೊಂಡು ಮುಂದೆ ನಡೆದರೆ ಕತ್ತಲ ಕೋಣೆಗೆ ಬೀಳುತ್ತೇವೆ. ಸುತ್ತಲೂ ರಾಕ್ಷಸರು, ಪಾರಾಗುವಂತಿಲ್ಲ. ಕಥೆ ನಿಲ್ಲುವುದು ಅಲ್ಲಿ. ಮುಂದಿನದು ಬೇಕಿದ್ದರೆ ಕೊಳ್ಳಿ ಎಂಬ ಸಾಲು ಬರುತ್ತದೆ. ಅಷ್ಟು ಹೊತ್ತಿಗೆ ಆಡುಗನಿಗೆ ಬಂದೂಕಿನ ತೂಕ, ಓಟದ ವೇಗ, ತನ್ನ ಯಂತ್ರದ ಶಕ್ತಿ, ತನ್ನ ತಲೆಯ ತಾಳಿಕೆ ಎಲ್ಲವೂ ಗೊತ್ತಾಗಿರುತ್ತದೆ. ಇದು ಮೂಗಿಗೆ ತುಪ್ಪ ಸವರುವ ಕೆಲಸವಲ್ಲ. ತೃಪ್ತಿಯಾಗುವಷ್ಟು ಕೊಟ್ಟು, ಇನ್ನಷ್ಟು ಬೇಕೆನ್ನಿಸುವ ಜಾಗದಲ್ಲಿ ನಿಲ್ಲಿಸಿದ ಕೌಶಲ. ಡೆಮೊ, ಅಂದರೆ ಕೊಳ್ಳುವ ಮೊದಲು ಆಡಿ ನೋಡಲು ಕೊಡುವ ಉಚಿತ ತುಣುಕು, ಮಾಡುವವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣುತ್ತಿಲ್ಲ.

ಆಮೇಲೆ ಪತ್ರಿಕೆಗಳ ಜೊತೆ ಡೆಮೊ ಡಿಸ್ಕ್ ಬರುವ ಕಾಲ ಬಂತು. 2001ರಲ್ಲಿ ಝೋನ್ ಆಫ್ ದಿ ಎಂಡರ್ಸ್ ಎಂಬ ಗೇಮನ್ನು ಎಷ್ಟೋ ಜನ ಕೊಂಡದ್ದೇ ಅದರೊಳಗಿದ್ದ ಮೆಟಲ್ ಗೇರ್ ಸಾಲಿಡ್ 2ರ ಡೆಮೊಗಾಗಿ. ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತ್ತು: ಲೈವ್ ಆರ್ಕೇಡ್ ಎಂಬ ತನ್ನ ಆನ್‌ಲೈನ್ ಅಂಗಡಿಯಲ್ಲಿ ಮಾರುವ ಪ್ರತಿ ಗೇಮಿಗೂ ಉಚಿತ ಪ್ರಯೋಗ ಆವೃತ್ತಿ ಕಡ್ಡಾಯ. ಕಡ್ಡಾಯ ಮಾಡಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ಆ ವರ್ಷಗಳೇ ಸಾಕ್ಷಿ. ಮುಂದಿನ ಕನ್ಸೋಲ್ ಬರುವಷ್ಟರಲ್ಲಿ ಆ ನಿಯಮವನ್ನು ಕೈಬಿಡಲಾಯಿತು. ಅದು ದೊಡ್ಡ ನಷ್ಟ.

ಕಂಪನಿಗಳ ಗಂಟೇನು ಹೋಗುತ್ತದೆ ಎಂದು ಕೇಳಿದಿರಿ. ಹೋಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. 2013ರಲ್ಲಿ ಗೇಮ್ ಉದ್ಯಮದವರ ಡೈಸ್ ಸಮಾವೇಶದಲ್ಲಿ ಗೇಮ್ ವಿನ್ಯಾಸಕ ಜೆಸ್ಸಿ ಶೆಲ್ ಎಕ್ಸ್‌ಬಾಕ್ಸ್ 360 ಗೇಮುಗಳ ಮಾರಾಟದ ಲೆಕ್ಕ ಮುಂದಿಟ್ಟರು. ಟ್ರೇಲರ್ ಮಾತ್ರ ಬಿಟ್ಟ ಗೇಮುಗಳು, ಟ್ರೇಲರ್ ಜೊತೆಗೆ ಡೆಮೊವನ್ನೂ ಬಿಟ್ಟವುಗಳಿಗಿಂತ ಸುಮಾರು ಎರಡು ಪಟ್ಟು ಮಾರಾಟವಾಗಿದ್ದವು. ಡೆಮೊ ಬೇಡವೆನ್ನುವವರು ಅಂದಿನಿಂದ ಈ ಲೆಕ್ಕವನ್ನೇ ಎತ್ತಿ ಹಿಡಿಯುತ್ತಾರೆ. ಆದರೆ ಅದು ಕಾರಣವನ್ನು ಹೇಳುವುದಿಲ್ಲ. ಜಾಹೀರಾತಿಗೇ ರಾಶಿ ಹಣ ಸುರಿಯಬಲ್ಲ ದೊಡ್ಡ ಗೇಮುಗಳಿಗೆ ಡೆಮೊದ ಹಂಗೇ ಇರುವುದಿಲ್ಲ; ಅವು ಹೇಗಿದ್ದರೂ ಹೆಚ್ಚು ಮಾರಾಟವಾಗುತ್ತವೆ. ಅದನ್ನು ಬದಿಗಿಟ್ಟರೂ ಡೆಮೊದಿಂದ ತಪ್ಪಿಹೋಗುವ ಮಾರಾಟ ಎರಡು ಬಗೆಯದು. ಕುತೂಹಲ ಡೆಮೊದಲ್ಲೇ ತಣಿದು ಹೊರಟುಹೋಗುವವರದು ಒಂದು. ಇದು ನಿಜವಾದ ನಷ್ಟ, ಮಾಡಿದವರ ಬಗ್ಗೆ ನನಗೆ ಮರುಕವಿದೆ. ಇನ್ನೊಂದು, ಆಡಿ ನೋಡಿ ತಮಗೆ ಒಗ್ಗದು ಎಂದು ತಿಳಿದವರದು, ಅಂದರೆ ನಿಮ್ಮಂಥವರದು. ಆ ಹಣ ಕಂಪನಿಗೆ ಸೇರಬೇಕಾದದ್ದೇ ಅಲ್ಲ. ಬಾರದೇ ಇರಬೇಕಾದ ಹಣ ಬರಲಿಲ್ಲ ಎಂದು ಅದನ್ನು ನಷ್ಟದ ಬಾಬ್ತಿಗೆ ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಸಣ್ಣ ತಂಡಗಳ ಮಾತು ಬೇರೆ. ಇಬ್ಬರು ಮೂವರು ಸೇರಿ ಮಾಡುವ ಗೇಮಿಗೆ ಡೆಮೊ ಎಂದರೆ ಬಿಡುಗಡೆಯ ಒತ್ತಡದ ನಡುವೆಯೇ ಇನ್ನೊಂದು ಸಣ್ಣ ಗೇಮನ್ನು ಮುಗಿಸಿ ಕೊಟ್ಟಂತೆ. ಎಲ್ಲಿ ಕತ್ತರಿಸಬೇಕು, ಮುಂದಿನ ಗುಟ್ಟು ಬಯಲಾಗದಂತೆ ಹೇಗೆ ನಿಲ್ಲಿಸಬೇಕು, ದೋಷಗಳನ್ನು ಎರಡೆರಡು ಕಡೆ ತಿದ್ದಬೇಕು. ಆದರೂ ಇವತ್ತು ಡೆಮೊ ಪದ್ಧತಿಗೆ ಮರುಜೀವ ಕೊಟ್ಟವರು ಅವರೇ. ಕಂಪ್ಯೂಟರ್ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್ 2021ರಿಂದ ನಡೆಸುತ್ತಿರುವ ನೆಕ್ಸ್ಟ್ ಫೆಸ್ಟ್‌ನಲ್ಲಿ ಬಿಡುಗಡೆಗೆ ಕಾದಿರುವ ಗೇಮುಗಳ ಡೆಮೊಗಳು ಒಂದು ವಾರ ಕಾಲ ಉಚಿತವಾಗಿ ಸಿಗುತ್ತವೆ, ಅದರಲ್ಲಿ ಬಹುಪಾಲು ಸಣ್ಣ ತಂಡಗಳವೇ. ಹೆಸರಿಲ್ಲದವರಿಗೆ ಜನ ಆಡಿ ನೋಡುವುದೇ ಜಾಹೀರಾತು.

ಈಗ ರೀಫಂಡ್ ವಿಚಾರ. ಸ್ಟೀಮ್ 2015ರ ಜೂನ್‌ನಿಂದ ಒಂದು ನಿಯಮ ಇಟ್ಟುಕೊಂಡಿದೆ: ಕೊಂಡ 14 ದಿನಗಳೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಬಹುತೇಕ ಯಾವ ಕಾರಣಕ್ಕಾದರೂ ಹಣ ವಾಪಸ್. ನಿಯಮ ಒಳ್ಳೆಯದೇ. ಆದರೆ ಆ ಗಡಿಯಾರ ನೀವು ಆಡಿದ ಹೊತ್ತನ್ನಷ್ಟೇ ಎಣಿಸುವುದಿಲ್ಲ, ಗೇಮ್ ತೆರೆದಿಟ್ಟ ಹೊತ್ತನ್ನೆಲ್ಲ ಎಣಿಸುತ್ತದೆ. ಮೊದಲ ಸಲ ತೆರೆದಾಗ ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧವಾಗುವ ತನಕ ಕಾಯುವುದು, ಗ್ರಾಫಿಕ್ಸ್ ಹೊಂದಿಸುವುದು, ಪಾತ್ರದ ಮೂಗು ಕಣ್ಣು ತಿದ್ದುವುದು, ನಿಲ್ಲಿಸಲಾಗದ ಪೀಠಿಕೆಯ ದೃಶ್ಯ, ಎಲ್ಲವೂ ಲೆಕ್ಕಕ್ಕೆ. ತಲೆಸುತ್ತು ಬಂದು ಮೆನುವಿನಲ್ಲಿ ನಿಲ್ಲಿಸಿ ಸುಧಾರಿಸಿಕೊಂಡ ಹೊತ್ತೂ ಲೆಕ್ಕಕ್ಕೆ. ಮೊದಲು ಕೈಯಲ್ಲಿ ಹಣವಿರಬೇಕು ಎಂಬುದಂತೂ ಇದ್ದೇ ಇದೆ.

ಕೊಂಡು, ಆಡಿ, ಹಿಂದಿರುಗಿಸುವುದು ತಪ್ಪೇ? ಒಗ್ಗದಿದ್ದಾಗ ಹಿಂದಿರುಗಿಸುವುದು ಖಂಡಿತ ತಪ್ಪಲ್ಲ, ನಿಯಮ ಇರುವುದೇ ಅದಕ್ಕೆ. ಆದರೆ ರೂಢಿ ಮಾಡಿಕೊಂಡರೆ ದುರುಪಯೋಗವೆಂದು ತೀರ್ಮಾನಿಸಿ ಆ ಸೌಲಭ್ಯ ನಿಲ್ಲಿಸಬಹುದೆಂದು ಸ್ಟೀಮ್ ಸ್ಪಷ್ಟವಾಗಿ ಹೇಳಿದೆ. ಇನ್ನು, ಎರಡು ಗಂಟೆಯಲ್ಲಿ ಮುಗಿಯುವ ಪುಟ್ಟ ಗೇಮನ್ನು ಪೂರ್ತಿ ಆಡಿ, ಮೆಚ್ಚಿ, ಹಣ ವಾಪಸ್ ಪಡೆಯುವುದು ಅನ್ಯಾಯ. 2021ರಲ್ಲಿ ಸಮ್ಮರ್ ಆಫ್ 58 ಎಂಬ ಭಯದ ಗೇಮ್ ಮಾಡಿದವರು ಇದೇ ಕಾರಣ ಕೊಟ್ಟು, ಸದ್ಯಕ್ಕೆ ಗೇಮ್ ಮಾಡುವುದನ್ನೇ ಬಿಡುತ್ತಿದ್ದೇನೆ ಎಂದು ಪ್ರಕಟಿಸಿದ್ದರು. ಆಡಿದ ಎಷ್ಟೋ ಮಂದಿ ಗೇಮನ್ನು ಹೊಗಳಿಯೂ ಹಣ ವಾಪಸ್ ಪಡೆದಿದ್ದರು. ಉಚಿತ ಪ್ರಯೋಗ ಬೇರೆ, ರೀಫಂಡ್ ಬೇರೆ ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೂ ಹೌದು: ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವ ಹಕ್ಕು ಡೆಮೊದಲ್ಲಿ ಗೇಮ್ ಮಾಡಿದವರ ಬಳಿಯೇ ಉಳಿಯುತ್ತದೆ.

ಪೈರೇಟೆಡ್ ಕಾಪಿಯ ಸಲಹೆ ಬೇಡವೇ ಬೇಡ. ಅದರ ಜೊತೆ ನಿಮ್ಮ ಕಂಪ್ಯೂಟರಿಗೆ ಇನ್ನೇನು ಬಂದು ಸೇರುತ್ತದೋ ಹೇಳಲಾಗದು. ಹಿಡಿಸಿದ ಮೇಲೆ ಕೊಳ್ಳುತ್ತೇನೆ ಎಂದವರಲ್ಲಿ ಕೊಳ್ಳುವವರು ವಿರಳ.

ಹೇಗಿರಬೇಕು ಡೆಮೊ? 2018ರಲ್ಲಿ ಬಂದ ಆಕ್ಟೊಪಾತ್ ಟ್ರಾವೆಲರ್ ನೋಡಿ. ಹಿಂದಿನ ವರ್ಷವೇ ಒಂದು ಡೆಮೊ ಬಿಟ್ಟು, ಆಡಿದವರ ಅಭಿಪ್ರಾಯ ಕೇಳಿ, ಗೇಮನ್ನು ತಿದ್ದಿದರು. ಬಿಡುಗಡೆಗೆ ಮುಂಚೆ 3 ಗಂಟೆಯ ಇನ್ನೊಂದು ಡೆಮೊ. ಅದರ ಸೇವ್, ಅಂದರೆ ಆಡಿ ಉಳಿಸಿಕೊಂಡ ಪ್ರಗತಿ, ಪೂರ್ತಿ ಗೇಮಿನಲ್ಲಿ ಮುಂದುವರಿಯುತ್ತಿತ್ತು. ಹೀಗಿದ್ದರೆ ಡೆಮೊಗೆ ಕೊಟ್ಟ ಸಮಯ ವ್ಯರ್ಥವಾಗದು, ಕೊಳ್ಳುವ ಮನಸ್ಸೂ ಬರುತ್ತದೆ. ಇದಕ್ಕೆ ವಿರುದ್ಧವಾಗಿ 2021ರ ರೆಸಿಡೆಂಟ್ ಈವಿಲ್ ವಿಲೇಜ್ ಡೆಮೊಗೆ 60 ನಿಮಿಷದ ಗಡಿಯಾರ ಕಟ್ಟಿದ್ದರು. ಭಯದ ಗೇಮಿನಲ್ಲಿ ಮೂಲೆ ಮೂಲೆಯನ್ನು ಮೆಲ್ಲಗೆ ಇಣುಕುವುದೇ ಸೊಗಸು. ಗಡಿಯಾರ ನೋಡಿಕೊಂಡು ಓಡುವವರಿಗೆ ಆ ಸೊಗಸು ಎಲ್ಲಿಂದ ಸಿಗಬೇಕು?

ಇದನ್ನೆಲ್ಲ ಈಗ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಿಸ್ಕ್ ಕೊಂಡ ಕಾಲದಲ್ಲಿ ಒಗ್ಗದ ಗೇಮನ್ನು ಸ್ನೇಹಿತರಿಗೆ ಕೊಡಬಹುದಿತ್ತು, ಮಾರಬಹುದಿತ್ತು. ಇಂದು ಡಿಜಿಟಲ್ ಅಂಗಡಿಯಲ್ಲಿ ನಾವು ಪಡೆಯುವುದು ಆಡುವ ಪರವಾನಗಿ ಮಾತ್ರ. ಅದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2025ರ ಜನವರಿ 1ರಿಂದ ಕಾನೂನನ್ನೇ ಜಾರಿಗೆ ತಂದಿದೆ. ಕೈಬಿಡುವ ದಾರಿಗಳೆಲ್ಲ ಮುಚ್ಚಿರುವಾಗ ಕೈ ಹಾಕುವ ಮೊದಲೇ ನೋಡುವ ದಾರಿಯಾದರೂ ತೆರೆದಿರಬೇಕಲ್ಲವೇ?

ಮುಂದಿನ ಸಂಚಿಕೆಯಿಂದ ನಮ್ಮ ಪ್ರತಿ ವಿಮರ್ಶೆಯ ಕೆಳಗೆ ಒಂದು ಚೌಕಟ್ಟು ಇರುತ್ತದೆ: ಡೆಮೊ ಇದೆಯೇ, ಎಷ್ಟು ಹೊತ್ತಿನದು, ಸೇವ್ ಮುಂದುವರಿಯುತ್ತದೆಯೇ, ರೀಫಂಡ್ ನಿಯಮವೇನು. ಡೆಮೊ ಇಲ್ಲದಿದ್ದರೆ 'ಇಲ್ಲ' ಎಂದು ದಪ್ಪ ಅಕ್ಷರದಲ್ಲೇ ಹಾಕುತ್ತೇವೆ. ಕ್ಯಾಮೆರಾ ಶೇಕ್ (ದೃಶ್ಯ ಅಲುಗುವುದು), ಮೋಷನ್ ಬ್ಲರ್ (ಚಲಿಸುವಾಗ ಚಿತ್ರ ಮಸುಕಾಗುವುದು) ನಿಲ್ಲಿಸಲು ಬರುತ್ತದೆಯೇ, ಫೀಲ್ಡ್ ಆಫ್ ವ್ಯೂ (ಪರದೆಯಲ್ಲಿ ಕಾಣುವ ನೋಟದ ಅಗಲ) ಹಿಗ್ಗಿಸಲು ಬರುತ್ತದೆಯೇ ಎಂಬುದನ್ನೂ ಸೇರಿಸುತ್ತೇವೆ. ಇದು ನಿಮ್ಮ ಪತ್ರದಿಂದಲೇ ಹೊಳೆದದ್ದು. ಈಗ ನಿಮ್ಮಲ್ಲಿರುವ ಗೇಮಿನಲ್ಲೂ ಈ ಮೂರನ್ನು ಬದಲಿಸಿ, ಪರದೆಯಿಂದ ಸ್ವಲ್ಪ ದೂರ ಕೂತು, ಕೋಣೆಯ ದೀಪ ಹಾಕಿಕೊಂಡು, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಆಡಿ ನೋಡಿ. ತಲೆ ಭಾರವಾದ ಕೂಡಲೇ ನಿಲ್ಲಿಸಿ, ಹಟ ಹಿಡಿದು ಮುಂದುವರಿಸಬೇಡಿ. ಆಗಲೂ ಆಗದಿದ್ದರೆ ಆ ಗೇಮಿನ ಹೆಸರು, ನೀವು ಬದಲಿಸಿ ನೋಡಿದ ಸೆಟ್ಟಿಂಗ್ಸ್ ಎರಡನ್ನೂ ನಮಗೆ ಬರೆದು ಕಳಿಸಿ, ಅದರ ತಯಾರಕರಿಗೆ ನಾವು ಪತ್ರ ಬರೆಯುತ್ತೇವೆ.